ವಿಧಿಯೋ, ಲೋಕಾಭಿಪ್ರಾಯವೋ? ಚಾಪ್ಲಿನ್ನನ ಒಂದು ಮೂಕಚಿತ್ರದಲ್ಲಿ ವಿವಾಹ ಮತ್ತು ಪೂರ್ವಪ್ರೇಮ

1923ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಅಮೆರಿಕದಲ್ಲಿ ಪ್ರಥಮ ಪ್ರದರ್ಶನಗೊಂಡ 'ಎ ವುಮನ್ ಆಫ್ ಪ್ಯಾರಿಸ್' ಎಂಬ ಚಿತ್ರಕ್ಕೆ ಅದರ ಹುಟ್ಟಿನಿಂದಲೂ ಒಂದಕ್ಕಿಂತ ಹೆಚ್ಚು ಹೆಸರುಗಳಿದ್ದವು. ಚಿತ್ರೀಕರಣ ನಡೆಯುತ್ತಿದ್ದ ಕಾಲದಲ್ಲಿ ಅದನ್ನು 'ವಿಧಿ' ಎಂಬ ಅರ್ಥದ ಹೆಸರಿನಿಂದಲೂ, 'ಲೋಕಾಭಿಪ್ರಾಯ' ಎಂಬ ಅರ್ಥದ ಹೆಸರಿನಿಂದಲೂ ಕರೆಯುತ್ತಿದ್ದರು. ಅಮೆರಿಕದ ತೆರೆಯ ಮೇಲೆ ಬಂದಾಗ ಮೊದಲನೆಯದು ಉಪಶೀರ್ಷಿಕೆಯಾಗಿ ಉಳಿಯಿತು. ಅದು 'ವಿಧಿಯ ನಾಟಕ'ವೆಂದು ಪ್ರೇಕ್ಷಕರಿಗೆ ತಿಳಿಸಲಾಯಿತು. ಕಥೆ ನಡೆಯುವ ನೆಲವಾದ ಫ್ರಾನ್ಸಿನಲ್ಲಿಯಾದರೋ ಅದೇ ಚಿತ್ರ ಎರಡನೆಯ ಹೆಸರಿನಿಂದ, ಎಂದರೆ 'ಲೋಪಿನಿಯೋಂ ಪ್ಯುಬ್ಲಿಕ್' ಎಂದು, ಪ್ರದರ್ಶಿತವಾಯಿತು. ಒಂದೇ ಕಥೆಗೆ ಇಟ್ಟ ಈ ಎರಡು ಹೆಸರುಗಳು ವಾಸ್ತವವಾಗಿ ಒಂದೇ ದುರಂತಕ್ಕೆ ಕೊಟ್ಟ ಎರಡು ಕಾರಣಗಳು. ಕಾರಣವಿಚಾರವೇ ಇತಿಹಾಸಕಾರನ ಕೆಲಸವಾದುದರಿಂದ, ಇವುಗಳಲ್ಲಿ ಯಾವುದು ಚಿತ್ರದೊಳಗಿನ ಸಾಕ್ಷ್ಯಕ್ಕೆ ಹೊಂದುತ್ತದೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಚಲಚ್ಚಿತ್ರವನ್ನು ಇತಿಹಾಸದ ಆಕರವಾಗಿ ಸ್ವೀಕರಿಸಲು ನಮ್ಮಲ್ಲಿ ಇನ್ನೂ ಕೆಲವರಿಗೆ ಸಂಕೋಚವಿದೆ. ಶಾಸನ, ಕಡತ, ಪತ್ರವ್ಯವಹಾರಗಳ ಸಾಲಿನಲ್ಲಿ ಹಣಗಳಿಕೆಗಾಗಿ ತಯಾರಾದ ಒಂದು ವಿನೋದವಸ್ತುವನ್ನು ಇಡುವುದು ಹೇಗೆಂಬುದು ಅವರ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾರೆವು. ಚಿತ್ರವು 'ನಡೆದುದು' ಏನೆಂಬುದನ್ನು ತಿಳಿಸಲಾರದು. ಆದರೆ ಆ ಕಾಲದ ಪ್ರೇಕ್ಷಕನಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತಿದ್ದುದು ಯಾವುದು, ಬಾಯಿಬಿಟ್ಟು ಹೇಳಲಾಗದೆ ಇದ್ದುದು ಯಾವುದು ಎಂಬ ಎರಡು ಸಂಗತಿಗಳನ್ನು ಅದು ತಿಳಿಸಬಲ್ಲದು. ಮೂಕಚಿತ್ರವಂತೂ ಈ ವಿಷಯದಲ್ಲಿ ವಿಶೇಷವಾಗಿ ಉಪಯುಕ್ತ; ಮಾತಿಲ್ಲದುದರಿಂದ ಅದು ಪ್ರತಿಯೊಂದನ್ನೂ ವಸ್ತುಗಳ ಮೂಲಕ ತೋರಿಸಬೇಕಾಗಿತ್ತು.

ಈ ಚಿತ್ರವನ್ನು ರಚಿಸಿ ನಿರ್ದೇಶಿಸಿದವನು ಚಾರ್ಲ್ಸ್ ಚಾಪ್ಲಿನ್. ಆತನೂ, ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ಡಿ. ಡಬ್ಲ್ಯೂ. ಗ್ರಿಫಿತ್ ಎಂಬ ಮೂವರೂ ಕೂಡಿ 1919ರಲ್ಲಿ ಸ್ಥಾಪಿಸಿದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗಾಗಿ ಆತ ತಯಾರಿಸಿದ ಮೊದಲ ಚಿತ್ರವಿದು. ಲೋಕವೆಲ್ಲ ಆತನ ಹರಕು ಬೂಟು, ಬೆತ್ತಗಳ ಹಾಸ್ಯವನ್ನು ನಿರೀಕ್ಷಿಸುತ್ತಿದ್ದಾಗ, ತಾನು ಇದರಲ್ಲಿ ಅಭಿನಯಿಸಿಲ್ಲವೆಂದು ಆರಂಭದಲ್ಲಿಯೇ ಬರಹದ ಮೂಲಕ ತಿಳಿಸಿ ಒಂದು ಗಂಭೀರ ಕಥೆಯನ್ನು ಮುಂದಿಟ್ಟನು. (ರೈಲ್ವೆ ನಿಲ್ದಾಣದಲ್ಲಿ ಹೊರೆ ಹೊತ್ತು ಬರುವ ಕೂಲಿಯವನಾಗಿ ಕ್ಷಣಮಾತ್ರ ಕಾಣಿಸಿಕೊಳ್ಳುತ್ತಾನೆಂಬುದನ್ನು ಬಿಟ್ಟರೆ ಆ ಮಾತು ನಿಜ.) ಚಿತ್ರ ವಿಮರ್ಶಕರ ಮೆಚ್ಚುಗೆಯನ್ನು ಪಡೆಯಿತು, ಜನರ ಒಲವನ್ನು ಪಡೆಯಲಿಲ್ಲ.

ಕಥೆ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಆರಂಭವಾಗುತ್ತದೆ. ಮರೀ ಸೇಂಟ್ ಕ್ಲೇರ್ ಎಂಬ ತರುಣಿ (ಎಡ್ನಾ ಪರ್ವಿಯನ್ಸ್) ಮತ್ತು ಜಾನ್ ಮಿಲ್ಲೆ ಎಂಬ ಚಿತ್ರಕಾರ (ಕಾರ್ಲ್ ಮಿಲ್ಲರ್) ಪ್ಯಾರಿಸಿಗೆ ಹೋಗಿ ಮದುವೆಯಾಗಲು ನಿಶ್ಚಯಿಸಿರುತ್ತಾರೆ. ಹೊರಡುವ ಹಿಂದಿನ ರಾತ್ರಿ ಆತನನ್ನು ಕಾಣಲು ಹೊರಹೋದ ಮರೀಯನ್ನು ಅವಳ ಮಲತಂದೆ ಮನೆಯೊಳಕ್ಕೆ ಸೇರಿಸದೆ ಬಾಗಿಲು ಹಾಕಿಕೊಳ್ಳುತ್ತಾನೆ. ಜಾನ್ ಅವಳನ್ನು ತನ್ನ ಮನೆಗೆ ಕರೆತರುತ್ತಾನೆ. ಅಲ್ಲಿಯೂ ತಂದೆ ಅವಳಿಗೆ ಆಶ್ರಯ ಕೊಡಲು ಒಪ್ಪುವುದಿಲ್ಲ. ಒಂದೇ ರಾತ್ರಿಯಲ್ಲಿ ಎರಡು ಬಾಗಿಲುಗಳು ಮುಚ್ಚುತ್ತವೆ. ಎರಡನ್ನೂ ಮುಚ್ಚುವವರು ಮನೆಯ ಯಜಮಾನರು.

ಇಂದಿನ ವಾಚಕನಿಗೆ ಇದು ಕೇವಲ ಮುದುಕರ ಹಠವೆಂದು ತೋರಬಹುದು. ಫ್ರಾನ್ಸಿನ ವಿವಾಹಶಾಸನದ ಚರಿತ್ರೆಯನ್ನು ಬಲ್ಲವರಿಗೆ ಹಾಗೆ ತೋರದು. ನೆಪೋಲಿಯನ್ನನ 1804ರ ನಾಗರಿಕ ಸಂಹಿತೆಯ ಪ್ರಕಾರ ಇಪ್ಪತ್ತೈದು ವರ್ಷ ತುಂಬದ ಮಗನೂ, ಇಪ್ಪತ್ತೊಂದು ತುಂಬದ ಮಗಳೂ ತಂದೆತಾಯಿಗಳ ಸಮ್ಮತಿಯಿಲ್ಲದೆ ಮದುವೆಯಾಗುವಂತಿರಲಿಲ್ಲ. ತಂದೆಗೂ ತಾಯಿಗೂ ಅಭಿಪ್ರಾಯಭೇದ ಬಂದಲ್ಲಿ ತಂದೆಯ ಸಮ್ಮತಿಯೇ ಸಾಕಾಗಿತ್ತು. ಆ ವಯಸ್ಸು ದಾಟಿದವರೂ ಸಮ್ಮತಿಯನ್ನು ವಿಧ್ಯುಕ್ತವಾಗಿ ಯಾಚಿಸಬೇಕಾಗಿತ್ತು. ಈ ಕಟ್ಟು 1907ರ ಕಾನೂನಿನಿಂದ ಬಹುಮಟ್ಟಿಗೆ ಸಡಿಲವಾಯಿತು: ಇಪ್ಪತ್ತೊಂದು ತುಂಬಿದ ಗಂಡು ಹೆಣ್ಣುಗಳಿಬ್ಬರೂ, ಹಿರಿಯರು ಒಪ್ಪದಿದ್ದರೆ ಅವರಿಗೆ ವಿಧಿಪೂರ್ವಕವಾಗಿ ತಿಳುವಳಿಕೆ ಕೊಟ್ಟು ಮೂವತ್ತು ದಿನ ಕಾದು ಮದುವೆಯಾಗಬಹುದೆಂದಾಯಿತು. ಕಾನೂನು ಸಡಿಲವಾದ ಮಾತ್ರಕ್ಕೆ ಹಳ್ಳಿಯ ಮನೆಯ ಬಾಗಿಲು ಸಡಿಲವಾಗಲಿಲ್ಲ. ನೂರು ವರ್ಷ ಶಾಸನದ ಬಲದಿಂದ ನಡೆದುದು ಮುಂದೆ ರೂಢಿಯ ಬಲದಿಂದ ನಡೆಯಿತು. ಚಾಪ್ಲಿನ್ನನು ಈ ಕಾನೂನುಗಳನ್ನು ಓದಿದ್ದನೆಂದು ನಾವು ಹೇಳುತ್ತಿಲ್ಲ. ಆದರೆ ಪ್ರೇಮಿಗಳಿಬ್ಬರೂ ಊರಿನಲ್ಲಿ ಮದುವೆಯಾಗದೆ ಪ್ಯಾರಿಸಿಗೆ ಏಕೆ ಹೊರಡುತ್ತಾರೆಂಬುದು ಫ್ರೆಂಚ್ ಪ್ರೇಕ್ಷಕನಿಗೆ ವಿವರಿಸಬೇಕಾದ ಸಂಗತಿಯಾಗಿರಲಿಲ್ಲ.

ಮರೀಯನ್ನು ನಿಲ್ದಾಣದಲ್ಲಿ ಬಿಟ್ಟು ಜಾನ್ ಬಟ್ಟೆಬರೆಗಳನ್ನು ತರಲು ಮನೆಗೆ ಹಿಂತಿರುಗುತ್ತಾನೆ. ಅಷ್ಟರಲ್ಲಿ ತಂದೆಗೆ ಪ್ರಾಣಾಂತಕವಾದ ಆಘಾತ. ದೂರವಾಣಿಯಲ್ಲಿ ಮಾತನಾಡುವಾಗ ಪ್ರಯಾಣವನ್ನು ಮುಂದಕ್ಕೆ ಹಾಕಬೇಕೆಂಬುದಷ್ಟೇ ಮರೀಗೆ ಮುಟ್ಟುತ್ತದೆ, ಏಕೆಂಬುದು ಮುಟ್ಟುವುದಿಲ್ಲ. ರೈಲು ಬರುತ್ತದೆ. ಅವಳು ಒಬ್ಬಳೇ ಹತ್ತುತ್ತಾಳೆ. ವಿಧಿವಾದಿಗಳ ಪಕ್ಷಕ್ಕೆ ಇಡೀ ಚಿತ್ರದಲ್ಲಿ ದೊರೆಯುವ ಅತ್ಯಂತ ಬಲವಾದ ಆಧಾರ ಈ ಘಟನೆ. ನಮ್ಮ ಎಂ.ಎ. ತರಗತಿಯಲ್ಲಿ ಈ ಚಿತ್ರವನ್ನು ತೋರಿಸಿದಾಗ ವಿದ್ಯಾರ್ಥಿನಿಯೊಬ್ಬಳು, "ಅವಳು ಇನ್ನೊಂದು ಗಳಿಗೆ ಕಾಯಬಾರದಾಗಿತ್ತೆ?" ಎಂದು ಕೇಳಿದಳು. ಅದಕ್ಕೆ ಇನ್ನೊಬ್ಬಳು, "ಎಲ್ಲಿ ಕಾಯಬೇಕಾಗಿತ್ತು?" ಎಂದಳು. ಈ ಮರುಪ್ರಶ್ನೆಯಲ್ಲಿಯೇ ಉತ್ತರವಿದೆಯೆಂದು ನಮ್ಮ ಭಾವನೆ. ಆ ರಾತ್ರಿ ಮರೀಗೆ ಹಿಂತಿರುಗಿ ಹೋಗಲು ಒಂದು ಮನೆಯಿದ್ದಿದ್ದರೆ, ಒಂದು ಅಪೂರ್ಣ ಸಂಭಾಷಣೆ ಮರುದಿನ ಪೂರ್ಣವಾಗುತ್ತಿತ್ತು. ದೂರವಾಣಿಯ ಆಕಸ್ಮಿಕ ಅನರ್ಥವಾದದ್ದು ಬಾಗಿಲುಗಳು ಮೊದಲೇ ಮುಚ್ಚಿದ್ದುದರಿಂದ.

ಆ ರೈಲಿನ ದೃಶ್ಯ ಚಲಚ್ಚಿತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ತೆರೆಯ ಮೇಲೆ ರೈಲು ಬರುವುದೇ ಇಲ್ಲ. ನಿಲ್ದಾಣದ ಕಟ್ಟೆಯ ಮೇಲೆ ನಿಂತ ಮರೀಯ ಮುಖದ ಮೇಲೆ ಗಾಡಿಯ ಕಿಟಕಿಗಳ ಬೆಳಕು ಒಂದೊಂದಾಗಿ ಹಾದುಹೋಗುತ್ತದೆ, ನಿಧಾನವಾಗುತ್ತದೆ, ನಿಲ್ಲುತ್ತದೆ. ಫ್ರೆಂಚ್ ಮಾದರಿಯ ರೈಲುಗಾಡಿ ಅಮೆರಿಕದಲ್ಲಿ ದೊರೆಯದ ಕಾರಣ, ಛಾಯಾಗ್ರಾಹಕ ರೋಲಿ ಟೋಥರೊ ಕಿಟಕಿಗಳ ಆಕಾರದಲ್ಲಿ ರಂಧ್ರ ಕೊರೆದ ಹಲಗೆಯನ್ನು ದೀಪದ ಮುಂದೆ ಸರಿಸಿ ಈ ಪರಿಣಾಮವನ್ನು ಸಾಧಿಸಿದನು. ಬಡತನದಿಂದ ಹುಟ್ಟಿದ ಉಪಾಯ ಕೆಲವೊಮ್ಮೆ ಸಿರಿಗಿಂತ ಹೆಚ್ಚಿನದನ್ನು ಹೇಳುತ್ತದೆ. ರೈಲಿಗಿಂತ ಆ ಮುಖವೇ ನಮಗೆ ಮುಖ್ಯವಾಗಿತ್ತು.

ಒಂದು ವರ್ಷ ಕಳೆಯುತ್ತದೆ. ಈಗ ಮರೀ ಪ್ಯಾರಿಸಿನಲ್ಲಿ ಪಿಯೇರ್ ರೆವೆಲ್ ಎಂಬ ಶ್ರೀಮಂತನ (ಅಡಾಲ್ಫ್ ಮೆಂಜೂ) ಆಶ್ರಯದಲ್ಲಿದ್ದಾಳೆ. ಜನರಾಡುವ ಮಾತಿನಲ್ಲಿ ಹೇಳುವುದಾದರೆ ಆತ ಇಟ್ಟುಕೊಂಡವಳು. ಈ ಸಂಗತಿಯನ್ನು ಚಿತ್ರ ಹೇಗೆ ತಿಳಿಸುತ್ತದೆಂಬುದನ್ನು ಗಮನಿಸಬೇಕು. ಪಿಯೇರ್ ಅವಳ ಮನೆಗೆ ಬರುತ್ತಾನೆ. ಕರವಸ್ತ್ರ ಬೇಕಾಗುತ್ತದೆ. ಯಾರನ್ನೂ ಕೇಳದೆ, ಹುಡುಕದೆ, ಅವಳ ಬೀರುವಿನಿಂದ ತನ್ನದೇ ಕರವಸ್ತ್ರವನ್ನು ತೆಗೆದುಕೊಳ್ಳುತ್ತಾನೆ. ಅಷ್ಟೇ. ಮುಂದೆ ಜಾನ್ ಆ ಮನೆಗೆ ಬಂದಾಗಲೂ ಹೀಗೆಯೇ: ಸೇವಕಿ ಬಟ್ಟೆಗಳನ್ನು ತೆಗೆಯುತ್ತಿರುವಾಗ ಖಾನೆಯಿಂದ ಗಂಡಸಿನ ಒಂದು ಕಾಲರ್ ನೆಲಕ್ಕೆ ಬೀಳುತ್ತದೆ. ಜಾನ್ ನೋಡುತ್ತಾನೆ, ಕೇಳಬೇಕಾದುದು ಏನೂ ಉಳಿಯುವುದಿಲ್ಲ.

ಕಲಾವಿಮರ್ಶಕರು ಇದನ್ನು ಚಾಪ್ಲಿನ್ನನ ಸೂಕ್ಷ್ಮತೆಗೆ ನಿದರ್ಶನವೆಂದು ಹೊಗಳಿದ್ದಾರೆ. ಹೊಗಳಿಕೆ ಯುಕ್ತವೇ. ಆದರೆ ಸೂಕ್ಷ್ಮತೆಗೆ ಕಲೆಯ ಹೊರಗೂ ಒಂದು ಕಾರಣವಿತ್ತು. ಚಲಚ್ಚಿತ್ರಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1915ರಲ್ಲಿಯೇ ತೀರ್ಪು ಕೊಟ್ಟಿತ್ತು. ಹಲವು ಸಂಸ್ಥಾನಗಳಲ್ಲಿ ಸೆನ್ಸಾರ್ ಮಂಡಲಿಗಳಿದ್ದವು. 1921ರಲ್ಲಿ ಹಾಸ್ಯನಟ ರೋಸ್ಕೊ ಆರ್ಬಕಲ್ಲನ ಮೇಲೆ ಹೊರಿಸಿದ ಆಪಾದನೆ (ಕೊನೆಗೆ ಆತ ನಿರ್ದೋಷಿಯೆಂದು ಬಿಡುಗಡೆಯಾದನು), 1922ರ ಫೆಬ್ರವರಿಯಲ್ಲಿ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರನ ಕೊಲೆ, ಇವೆರಡರಿಂದ ಹಾಲಿವುಡ್ಡಿನ ಹೆಸರು ಬೀದಿಗೆ ಬಿದ್ದಿತ್ತು. ಅದೇ ವರ್ಷ ಚಿತ್ರೋದ್ಯಮಿಗಳು ವಿಲ್ ಹೇಸನನ್ನು ತಮ್ಮ ಸಂಘದ ಮುಖ್ಯಸ್ಥನನ್ನಾಗಿ ಮಾಡಿಕೊಂಡು ನಡತೆಯ ಭರವಸೆ ಕೊಡಬೇಕಾಯಿತು. ಇಂಥ ಸಮಯದಲ್ಲಿ ಮದುವೆಯಿಲ್ಲದೆ ಒಬ್ಬನ ಆಶ್ರಯದಲ್ಲಿರುವ ಸ್ತ್ರೀಯನ್ನು ನಾಯಿಕೆಯಾಗಿ, ಅದರಲ್ಲೂ ಸಹಾನುಭೂತಿಗೆ ಪಾತ್ರಳಾದ ನಾಯಿಕೆಯಾಗಿ ತೋರಿಸುವುದು ಸಾಹಸವಾಗಿತ್ತು. ಬರಹದ ಫಲಕದಲ್ಲಿ ಒಂದು ಪದ ಬಂದರೆ ಸೆನ್ಸಾರಿನವರು ಅದನ್ನು ತೆಗೆಯಬಹುದು. ಬೀರುವಿನಿಂದ ತೆಗೆದ ಕರವಸ್ತ್ರದ ಮೇಲೆ ಯಾವ ಆಪಾದನೆಯನ್ನು ಹೊರಿಸುವುದು?

ಪಿಯೇರನ ಪಾತ್ರವನ್ನು ಹಳೆಯ ಮಾದರಿಯ ಖಳನನ್ನಾಗಿ ಮಾಡದಿರುವುದು ಚಿತ್ರದ ದೊಡ್ಡ ಗುಣ. ಆತ ವಿನೋದಿ, ಉದಾರಿ, ಸಭ್ಯ; ಸುಳ್ಳು ಹೇಳುವವನಲ್ಲ. ಆತನಿಗೆ ಒಬ್ಬ ಶ್ರೀಮಂತ ಕನ್ಯೆಯೊಡನೆ ವಿವಾಹ ನಿಶ್ಚಯವಾಗುತ್ತದೆ. ಮರೀಗೆ ಆ ಸುದ್ದಿ ಪತ್ರಿಕೆಯಿಂದ ತಿಳಿಯುತ್ತದೆ. ತಮ್ಮಿಬ್ಬರ ನಡುವಿನ ಸಂಬಂಧ ಅದರಿಂದ ಬದಲಾಗಬೇಕಾದುದಿಲ್ಲವೆಂದೇ ಆತನ ಮತ. ಆತನ ವರ್ಗದಲ್ಲಿ ಮದುವೆ ಎಂಬುದು ಆಸ್ತಿ ಮತ್ತು ಮನೆತನಗಳ ವ್ಯವಹಾರ. ಪ್ರೀತಿಯ ಲೆಕ್ಕ ಬೇರೆ ಪುಸ್ತಕದಲ್ಲಿ. ತನಗೆ ಮನೆ ಬೇಕು, ಮಕ್ಕಳು ಬೇಕು, ಗೌರವ ಬೇಕು ಎಂದು ಮರೀ ಹೇಳಿದಾಗ ಆತ ಕಿಟಕಿಯ ಹೊರಗೆ ಬೆರಳು ತೋರಿಸುತ್ತಾನೆ: ಬೀದಿಯಲ್ಲಿ ಒಂದು ಬಡ ಸಂಸಾರ, ಅಳುವ ಮಕ್ಕಳು, ಹೊಡೆಯುವ ತಾಯಿ. ಕೋಪದಿಂದ ಅವಳು ಮುತ್ತಿನ ಸರವನ್ನು ಬೀದಿಗೆ ಎಸೆಯುತ್ತಾಳೆ. ದಾರಿಹೋಕನೊಬ್ಬ ಅದನ್ನು ಎತ್ತಿಕೊಂಡು ನಡೆದಾಗ ತಾನೇ ಓಡಿಹೋಗಿ ಕಿತ್ತುಕೊಂಡು ಬರುತ್ತಾಳೆ. ಪಿಯೇರ್ ಮನಸಾರೆ ನಗುತ್ತಾನೆ. ನಾವೂ ನಗುತ್ತೇವೆ. ನಕ್ಕ ಮೇಲೆ ನಮಗೆ ಸ್ವಲ್ಪ ನಾಚಿಕೆಯಾಗುತ್ತದೆ, ಏಕೆಂದರೆ ನಗುವಾಗ ನಾವು ಪಿಯೇರನ ಪಕ್ಕದಲ್ಲಿ ನಿಂತಿದ್ದೆವು.

ಇನ್ನೊಂದು ದೃಶ್ಯವನ್ನು ಇಲ್ಲಿಯೇ ಹೇಳಿಬಿಡಬೇಕು. ಮರೀ ಮಲಗಿ ಅಂಗಮರ್ದನ ಮಾಡಿಸಿಕೊಳ್ಳುತ್ತಿದ್ದಾಳೆ. ಸಖಿಯೊಬ್ಬಳು ಪಕ್ಕದಲ್ಲಿ ಕುಳಿತು ಊರ ಸುದ್ದಿಗಳನ್ನು ಹರಟುತ್ತಾಳೆ. ಕ್ಯಾಮೆರಾ ಅವರಿಬ್ಬರನ್ನೂ ಬಿಟ್ಟು, ಕೆಲಸ ಮಾಡುತ್ತಿರುವ ಹೆಂಗಸಿನ ಮುಖದ ಮೇಲೆ ನಿಲ್ಲುತ್ತದೆ. ಅವಳು ಒಂದು ಮಾತನ್ನೂ ಆಡುವುದಿಲ್ಲ. ಕೈಗಳು ತಿಕ್ಕುತ್ತಿರುತ್ತವೆ, ಕಿವಿಗಳು ಕೇಳುತ್ತಿರುತ್ತವೆ. ಲೋಕಾಭಿಪ್ರಾಯವೆಂಬ ಅಮೂರ್ತ ವಸ್ತುವಿಗೆ ಈ ಚಿತ್ರದಲ್ಲಿ ಒಂದು ಮುಖವಿದ್ದರೆ ಅದು ಈ ಕೂಲಿಯ ಹೆಂಗಸಿನದು.

ಇತಿಹಾಸದ ವಿದ್ಯಾರ್ಥಿಗೆ ಎದ್ದು ಕಾಣುವ ಒಂದು ಕೊರತೆಯೂ ಉಂಟು. ಕಥೆ ನಡೆಯುವುದು ಮಹಾಯುದ್ಧ ಮುಗಿದ ನಾಲ್ಕೈದು ವರ್ಷಗಳಲ್ಲಿ. ಆ ಯುದ್ಧದಲ್ಲಿ ಫ್ರಾನ್ಸ್ ಹದಿಮೂರು ಲಕ್ಷಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಮದುವೆಯ ವಯಸ್ಸಿನ ಅಸಂಖ್ಯಾತ ಸ್ತ್ರೀಯರಿಗೆ ವರಗಳೇ ಇಲ್ಲದಂತಾಯಿತು. ಜನಸಂಖ್ಯೆ ಕುಂದುವ ಭೀತಿಯಿಂದ ಗರ್ಭನಿರೋಧದ ಪ್ರಚಾರವನ್ನು 1920ರ ಕಾನೂನಿನಿಂದ ನಿಷೇಧಿಸಲಾಯಿತು. ಸ್ವತಂತ್ರವಾಗಿ ಬಾಳುವ ತರುಣಿಯನ್ನು ಚಿತ್ರಿಸಿದ 'ಲಾ ಗಾರ್ಸೋನ್' ಎಂಬ ಕಾದಂಬರಿ 1922ರಲ್ಲಿ ಪ್ರಕಟವಾಗಿ, ಅದರ ಕರ್ತೃ ವಿಕ್ತರ್ ಮಾರ್ಗರೀತ್ ರಾಷ್ಟ್ರದ ಅತ್ಯುನ್ನತ ಬಿರುದನ್ನೇ ಕಳೆದುಕೊಳ್ಳಬೇಕಾಯಿತು. ಇವುಗಳ ನೆರಳೂ ಚಿತ್ರದಲ್ಲಿಲ್ಲ. ಜಾನ್ ಸೈನ್ಯದಲ್ಲಿದ್ದನೆ, ಆ ಹಳ್ಳಿಯ ತರುಣರು ಎಷ್ಟು ಮಂದಿ ಮರಳಿ ಬಂದರು ಎಂಬ ಸೂಚನೆಯಿಲ್ಲ. ಚಿತ್ರದ ಪ್ಯಾರಿಸ್ ಹಾಲಿವುಡ್ಡಿನಲ್ಲಿ ಕಟ್ಟಿದ ಪ್ಯಾರಿಸ್. ಅಲ್ಲಿಯ ಪ್ರಶ್ನೆಗಳು ಫ್ರಾನ್ಸಿನವಾದಷ್ಟೇ ಅಮೆರಿಕದವೂ ಹೌದು. ಅಮೆರಿಕದಲ್ಲಿ 1920ರ ಒಂದೇ ವರ್ಷದಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರದಷ್ಟು ವಿವಾಹವಿಚ್ಛೇದನಗಳಾದವು. ಸಿಸಿಲ್ ಡಿಮಿಲ್ಲನು 1918ರಿಂದ 1920ರವರೆಗೆ ತೆಗೆದ 'ಓಲ್ಡ್ ವೈವ್ಸ್ ಫಾರ್ ನ್ಯೂ', 'ಡೋಂಟ್ ಚೇಂಜ್ ಯುವರ್ ಹಸ್‌ಬೆಂಡ್', 'ವೈ ಚೇಂಜ್ ಯುವರ್ ವೈಫ್?' ಎಂಬ ಚಿತ್ರಗಳು ಈ ವಿಚ್ಛೇದನವನ್ನೇ ಬಂಡವಾಳವಾಗಿ ಮಾಡಿಕೊಂಡಿದ್ದವು. ಕೊನೆಯೆರಡರಲ್ಲಿ ದಂಪತಿಗಳು ಬೇರ್ಪಟ್ಟು, ಇತರರನ್ನು ಮದುವೆಯಾಗಿ, ಮತ್ತೆ ಹಳೆಯ ಸಂಗಾತಿಯನ್ನೇ ಸೇರುತ್ತಾರೆ. ಪೂರ್ವಪ್ರೇಮ ಅಲ್ಲಿ ಅಟ್ಟದಿಂದ ಇಳಿಸಿ ಧೂಳು ಕೊಡವಿದರೆ ಹೊಸದಾಗುವ ಪಾತ್ರೆ. ಚಾಪ್ಲಿನ್ನನ ಚಿತ್ರದಲ್ಲಿ ಆ ಸೌಲಭ್ಯವಿಲ್ಲ.

ಮರೀ ಮತ್ತು ಜಾನ್ ಮತ್ತೆ ಸಂಧಿಸುವುದೂ ಒಂದು ಬಾಗಿಲಿನಲ್ಲಿಯೇ. ಗೆಳತಿಯೊಬ್ಬಳು ಔತಣಕ್ಕೆ ಕರೆಯುತ್ತಾಳೆ. ಮನೆ ಎಡಗಡೆಯದೋ ಬಲಗಡೆಯದೋ ಅವಳಿಗೆ ನೆನಪಿಲ್ಲ. ಮರೀ ತಪ್ಪು ಬಾಗಿಲನ್ನು ತಟ್ಟುತ್ತಾಳೆ. ತೆರೆದವನು ಜಾನ್. ಆತ ಈಗ ತಾಯಿಯೊಡನೆ (ಲಿಡಿಯಾ ನಾಟ್) ಆ ಬಡ ಬಿಡಾರದಲ್ಲಿದ್ದಾನೆ. ಇದು ನಿಜವಾಗಿಯೂ ಆಕಸ್ಮಿಕವೆಂದು ಒಪ್ಪಬೇಕು. ಆದರೆ ಈ ಆಕಸ್ಮಿಕ ಕೇಡನ್ನು ತರುವುದಿಲ್ಲ. ಇಡೀ ಚಿತ್ರದಲ್ಲಿ ಮರೀಗಾಗಿ ತೆರೆದ ಒಂದೇ ಬಾಗಿಲು ವಿಧಿ ತೆರೆಸಿದ್ದು.

ಆತ ಅವಳ ಭಾವಚಿತ್ರವನ್ನು ಬರೆಯಬೇಕೆಂದು ಗೊತ್ತಾಗುತ್ತದೆ. ಅವಳ ಮನೆಗೆ ಬಂದಾಗ ಆತನ ತೋಳಿನಲ್ಲಿ ಶೋಕಸೂಚಕವಾದ ಕಪ್ಪು ಪಟ್ಟಿ. ಏಕೆಂದು ಕೇಳುತ್ತಾಳೆ. ತಂದೆ ತೀರಿಕೊಂಡರೆನ್ನುತ್ತಾನೆ. ಯಾವಾಗ? ಅವಳು ಊರು ಬಿಟ್ಟ ರಾತ್ರಿ. ಒಂದು ವರ್ಷದ ತಪ್ಪುತಿಳಿವಳಿಕೆ ಆ ಕಪ್ಪು ಬಟ್ಟೆಯ ತುಂಡಿನಿಂದ ಕಳಚಿಬೀಳುತ್ತದೆ. ಕಳೆದ ವರ್ಷ ಮಾತ್ರ ಹಿಂತಿರುಗುವುದಿಲ್ಲ. ಭಾವಚಿತ್ರಕ್ಕಾಗಿ ಅವಳು ಬೆಲೆಬಾಳುವ ಉಡುಪನ್ನು ಆರಿಸಿ ಧರಿಸುತ್ತಾಳೆ. ಚಿತ್ರ ಮುಗಿದಾಗ ಪಟದಲ್ಲಿರುವುದು ಆ ಉಡುಪಲ್ಲ. ಹಳ್ಳಿಯನ್ನು ಬಿಟ್ಟ ರಾತ್ರಿ ಅವಳು ತೊಟ್ಟಿದ್ದ ಸಾದಾ ಉಡುಪು. ಜಾನನ ಪ್ರೇಮವನ್ನು ಇದು ತೋರಿಸುತ್ತದೆಂಬುದು ಸಾಮಾನ್ಯವಾದ ವ್ಯಾಖ್ಯಾನ. ನಮಗೆ ಇನ್ನೊಂದೂ ಕಾಣುತ್ತದೆ. ಮುಂದೆ ಕುಳಿತ ಹೆಣ್ಣನ್ನು ಆತ ನೋಡಲಿಲ್ಲ. ಒಂದು ವರ್ಷದ ಹಿಂದೆ ನಿಲ್ದಾಣದಲ್ಲಿ ಬಿಟ್ಟುಬಂದ ಹುಡುಗಿಯನ್ನು ನೋಡಿದನು. ನಡುವಣ ವರ್ಷವನ್ನು ಬಣ್ಣದಿಂದ ಮುಚ್ಚಿದನು. ಹೀಗೆ ಮುಚ್ಚಬೇಕಾಗಿ ಬಂದುದರಲ್ಲಿಯೇ ಮುಂದಿನ ಅನರ್ಥದ ಬೀಜವಿದೆ.

ಜಾನ್ ವಿವಾಹದ ಪ್ರಸ್ತಾಪ ಮಾಡುತ್ತಾನೆ. ತಾಯಿ ವಿರೋಧಿಸುತ್ತಾಳೆ. ತಾಯಿಯನ್ನು ಸಮಾಧಾನಪಡಿಸಲು ಆತ, ದುರ್ಬಲ ಕ್ಷಣವೊಂದರಲ್ಲಿ ಹಾಗೆ ಕೇಳಿಬಿಟ್ಟೆನೆನ್ನುತ್ತಾನೆ. ಅದೇ ಸಮಯಕ್ಕೆ ಬಂದ ಮರೀ ಬಾಗಿಲಿನ ಹೊರಗೆ ನಿಂತು ಆ ಮಾತನ್ನು ಕೇಳುತ್ತಾಳೆ. ಮೂರನೆಯ ಬಾಗಿಲು ಇದು. ಮೊದಲಿನ ಎರಡನ್ನು ಪಿತೃಗಳು ಮುಚ್ಚಿದರು. ಇದನ್ನು ಯಾರೂ ಮುಚ್ಚಲಿಲ್ಲ, ಆದರೂ ಅವಳು ಒಳಗೆ ಹೋಗುವಂತಿಲ್ಲ. ಅವಳು ಆ ಗಳಿಗೆಗೇ ಬಂದುದು ಆಕಸ್ಮಿಕವಿರಬಹುದು. ಜಾನನ ಬಾಯಿಂದ ಆ ಮಾತು ಹೊರಟುದು ಆಕಸ್ಮಿಕವಲ್ಲ. ತಾಯಿ ಕೆಟ್ಟವಳಲ್ಲ. ಊರಿನಲ್ಲಿ ಅಂಥವಳನ್ನು ಕುರಿತು ಜನ ಏನೆನ್ನುತ್ತಾರೆಂಬುದೇ ಅವಳ ಮಾತಿನ ತಿರುಳು. ಸತ್ತ ತಂದೆಯ ಹಠವನ್ನು ಬದುಕಿರುವ ತಾಯಿಯ ಭಯ ಮುಂದುವರಿಸಿತು. ಜಾನ್ ಇವೆರಡರ ನಡುವೆ ನಿಂತು, ತಾಯಿಗೊಂದು ಪ್ರೇಯಸಿಗೊಂದು ಮಾತನಾಡಿ, ಎರಡೂ ಕಡೆ ನಂಬಿಕೆ ಕಳೆದುಕೊಂಡನು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಮರೀ ಪಿಯೇರನ ಬಳಿಗೆ ಹಿಂತಿರುಗುತ್ತಾಳೆ. ಜಾನ್ ಪಿಸ್ತೂಲನ್ನು ಜೇಬಿನಲ್ಲಿಟ್ಟುಕೊಂಡು ಅವರಿಬ್ಬರೂ ಊಟಮಾಡುತ್ತಿದ್ದ ಭೋಜನಗೃಹಕ್ಕೆ ಹೋಗುತ್ತಾನೆ, ಪಿಯೇರನೊಡನೆ ಕೈಕೈ ಮಿಲಾಯಿಸುತ್ತಾನೆ, ಹೊರದೂಡಲ್ಪಟ್ಟು ಹಜಾರದಲ್ಲಿ ಗುಂಡುಹಾರಿಸಿಕೊಂಡು ಸಾಯುತ್ತಾನೆ. ಈ ಭಾಗ ಆ ಕಾಲದ ಮೆಲೊಡ್ರಾಮಾದ ಸಾಮಾನ್ಯ ಸಾಮಗ್ರಿ. ಚಿತ್ರದ ಉಳಿದ ಭಾಗದ ಸಂಯಮಕ್ಕೆ ತಕ್ಕುದಲ್ಲವೆಂದೇ ನಮ್ಮ ಅಭಿಪ್ರಾಯ. ಕಥಾಬೀಜವನ್ನು ಚಾಪ್ಲಿನ್ನನಿಗೆ ಒದಗಿಸಿದವಳು ಪೆಗಿ ಹಾಪ್ಕಿನ್ಸ್ ಜಾಯ್ಸ್ ಎಂಬ ಬಹುವಿವಾಹಿತೆಯಾದ ಅಮೆರಿಕನ್ ಸುಂದರಿ. ಪ್ಯಾರಿಸಿನ ಶ್ರೀಮಂತ ಪ್ರಕಾಶಕನೊಬ್ಬನ ವಿಷಯವನ್ನೂ, ತನಗಾಗಿ ಪ್ರಾಣ ಕಳೆದುಕೊಂಡ ತರುಣನೊಬ್ಬನ ವಿಷಯವನ್ನೂ ಅವಳು ಹೇಳಿದ್ದಳೆಂದು ಚಾಪ್ಲಿನ್ನನ ಆತ್ಮಕಥೆಯಿಂದ ತಿಳಿಯುತ್ತದೆ. ಆತ್ಮಹತ್ಯೆ ಬಹುಶಃ ಆ ಮೂಲದಿಂದ ಬಂದುದು.

ಅನಂತರ ನಡೆಯುವುದು ಆ ಮೂಲದಲ್ಲಿ ಇದ್ದಿರಲಾರದು. ಮಗನ ಶವವನ್ನು ಕಂಡ ತಾಯಿ ಅದೇ ಪಿಸ್ತೂಲನ್ನು ತೆಗೆದುಕೊಂಡು ಮರೀಯನ್ನು ಕೊಲ್ಲಲು ಹೊರಡುತ್ತಾಳೆ. ಮರೀ ಮನೆಯಲ್ಲಿಲ್ಲ. ಹಿಂತಿರುಗಿ ಬಂದು ನೋಡಿದರೆ, ಅವಳು ಶವದ ಮೇಲೆ ಬಿದ್ದು ಅಳುತ್ತಿದ್ದಾಳೆ. ಕೈ ಕೆಳಗಿಳಿಯುತ್ತದೆ. ಇಬ್ಬರೂ ಹಳ್ಳಿಗಾಡಿಗೆ ಹೋಗಿ ಅನಾಥ ಮಕ್ಕಳಿಗಾಗಿ ಒಂದು ಮನೆಯನ್ನು ನಡೆಸುತ್ತಾರೆ. ಪಾಶ್ಚಾತ್ಯ ವಿಮರ್ಶಕರು ಇದನ್ನು ಪ್ರಾಯಶ್ಚಿತ್ತವೆಂದು, ಸೇವೆಯಿಂದ ಪಾಪಪರಿಹಾರವೆಂದು ಓದಿದ್ದುಂಟು. ನಮ್ಮ ಕುಟುಂಬಪದ್ಧತಿಯನ್ನು ಬಲ್ಲ ವಾಚಕರಿಗೆ ಮೊದಲು ಹೊಳೆಯುವುದು ಬೇರೆ: ಇದು ಅತ್ತೆ ಸೊಸೆಯರ ಸಂಸಾರ. ಮದುವೆಯಾಗದ ಸೊಸೆ, ಮಗನಿಲ್ಲದ ಅತ್ತೆ. ಈ ಚಿತ್ರದಲ್ಲಿ ಮೂರು ಮದುವೆಗಳ ಮಾತು ಬರುತ್ತದೆ: ಹಳ್ಳಿಯಿಂದ ಓಡಿಹೋಗಿ ಆಗಬೇಕಾಗಿದ್ದುದು, ಪಿಯೇರನಿಗೆ ನಿಶ್ಚಯವಾದುದು, ಜಾನ್ ಮತ್ತೆ ಪ್ರಸ್ತಾಪಿಸಿದುದು. ತೆರೆಯ ಮೇಲೆ ಒಂದೂ ನಡೆಯುವುದಿಲ್ಲ. ಆದರೂ ಮರೀ ಯಾವ ಮನೆಗೆ ಸೊಸೆಯಾಗಿ ಸೇರಲು ಆ ರಾತ್ರಿ ಹೊಸ್ತಿಲಲ್ಲಿ ನಿಂತಿದ್ದಳೋ ಆ ಮನೆಗೆ ಕೊನೆಗೂ ಸೇರುತ್ತಾಳೆ. ಅವಳನ್ನು ತಡೆದ ತಂದೆಯೂ, ಕರೆತಂದ ಮಗನೂ ಸತ್ತ ಮೇಲೆ ಮಾತ್ರ ಅದು ಸಾಧ್ಯವಾಗುತ್ತದೆ. ವಿಧಿಯ ನಾಟಕವೆಂದು ಕರೆದುಕೊಂಡ ಚಿತ್ರ ತನ್ನ ಮುಕ್ತಾಯದಲ್ಲಿ ವಿಧಿಯನ್ನು ದೂಷಿಸುವುದಿಲ್ಲ. ತಾಯಿಯ ಅಭಿಪ್ರಾಯ ಬದಲಾದುದನ್ನು ತೋರಿಸುತ್ತದೆ. ಬದಲಾಗಬಲ್ಲದ್ದು ವಿಧಿಯಲ್ಲ. ಫ್ರೆಂಚರು ಉಳಿಸಿಕೊಂಡ ಹೆಸರೇ ಸಾಕ್ಷ್ಯಕ್ಕೆ ಹೊಂದುತ್ತದೆಂದು ನಾವು ಭಾವಿಸುವುದು ಇದರಿಂದಲೇ.

ನಮ್ಮ ದೇಶದ ವಾಚಕರಿಗೆ ಇಲ್ಲಿ 'ಮೃಚ್ಛಕಟಿಕ'ದ ನೆನಪಾಗುವುದು ಸಹಜ. ಅಲ್ಲಿ ಗಣಿಕೆಯಾದ ವಸಂತಸೇನೆಗೆ ಕೊನೆಯಲ್ಲಿ ಹೊಸ ಅರಸನ ಆಜ್ಞೆಯಿಂದ 'ವಧು' ಎಂಬ ಶಬ್ದ ದೊರೆಯುತ್ತದೆ. ಲೋಕಾಭಿಪ್ರಾಯವನ್ನು ರಾಜಶಾಸನ ಒಂದು ಮಾತಿನಲ್ಲಿ ತಿದ್ದುತ್ತದೆ. ಮೂಕಚಿತ್ರಯುಗದ ಕೊನೆಯ ವರ್ಷಗಳಲ್ಲಿ ಮೋಹನ್ ಭವನಾನಿಯವರು ಈ ನಾಟಕವನ್ನು 'ವಸಂತಸೇನಾ' ಎಂಬ ಚಿತ್ರವನ್ನಾಗಿ ಮಾಡಿದಾಗ ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ. ಪಿ. ಕೈಲಾಸಂ ಅವರೂ ಅದರಲ್ಲಿ ಪಾತ್ರವಹಿಸಿದರು. ಅದೇ ಕಾಲದಲ್ಲಿ, ಪಾಶ್ಚಾತ್ಯ ಚಿತ್ರಗಳು ಬಿಳಿಯ ಸ್ತ್ರೀಯರ ನಡತೆಯನ್ನು ಭಾರತೀಯರ ಕಣ್ಣಿನಲ್ಲಿ ಕೀಳುಮಾಡುತ್ತವೆಂಬ ಆತಂಕ ಆಳುವವರನ್ನು ಕಾಡುತ್ತಿತ್ತು. ದಿವಾನ್ ಬಹಾದ್ದೂರ್ ಟಿ. ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಭಾರತೀಯ ಸಿನಿಮಾ ಸಮಿತಿಯ ಹಿನ್ನೆಲೆಯಲ್ಲಿದ್ದ ಕಾರಣಗಳಲ್ಲಿ ಇದೂ ಒಂದು. ಮರೀಯಂಥವಳನ್ನು ಕುರಿತು ಅವಳ ಊರಿನ ಜನ ಏನೆಂದಾರೆಂಬ ಭಯ, ಸಮುದ್ರ ದಾಟಿ, ಸಾಮ್ರಾಜ್ಯದ ಪ್ರಜೆಗಳು ಏನೆಂದಾರೆಂಬ ಭಯವಾಗಿ ಮಾರ್ಪಟ್ಟಿತ್ತು.

ತೆರೆಯ ಹೊರಗಿನ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಎಡ್ನಾ ಪರ್ವಿಯನ್ಸ್ 1915ರಿಂದ ಚಾಪ್ಲಿನ್ನನ ಮೂವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಾಯಿಕೆಯಾಗಿದ್ದವಳು. ಮೊದಲ ಕೆಲವು ವರ್ಷ ಆತನ ಪ್ರೇಯಸಿಯೂ ಆಗಿದ್ದಳು. 1918ರಲ್ಲಿ ಆತ ಮಿಲ್ಡ್ರೆಡ್ ಹ್ಯಾರಿಸಳನ್ನು ವಿವಾಹವಾದನು. 1920ರಲ್ಲಿ ಅದು ಮುರಿಯಿತು. ತನ್ನ ಹಾಸ್ಯಚಿತ್ರಗಳ ಆಸರೆಯಿಲ್ಲದೆ ಎಡ್ನಾ ಗಂಭೀರ ನಟಿಯಾಗಿ ನೆಲೆನಿಲ್ಲಲೆಂಬುದು ಈ ಚಿತ್ರದ ಉದ್ದೇಶಗಳಲ್ಲೊಂದಾಗಿತ್ತು. ಹಾಗಾಗಲಿಲ್ಲ, ಕೀರ್ತಿ ಬಂದುದು ಮೆಂಜೂವಿಗೆ. ಅವಳಿಗಾಗಿ ಜೋಸೆಫ್ ವಾನ್ ಸ್ಟರ್ನ್‌ಬರ್ಗನಿಂದ ಚಾಪ್ಲಿನ್ ಮಾಡಿಸಿದ ಇನ್ನೊಂದು 1926ರ ಚಿತ್ರ ಬಿಡುಗಡೆಯಾಗಲೇ ಇಲ್ಲ. ಅದರ ಮೂಲಪ್ರತಿಯನ್ನು 1933ರಲ್ಲಿ ಸುಡಲಾಯಿತು. 1958ರಲ್ಲಿ ತೀರಿಕೊಳ್ಳುವವರೆಗೂ ಎಡ್ನಾಳ ಹೆಸರು ಚಾಪ್ಲಿನ್ನನ ವೇತನದ ಪಟ್ಟಿಯಲ್ಲಿತ್ತು. ಇದರಿಂದ ಕಥೆಯಲ್ಲಿ ಆತ್ಮಚರಿತ್ರೆಯನ್ನು ಹುಡುಕುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ನಾವು ಹತ್ತಿಕ್ಕಿದ್ದೇವೆ. ವೇತನದ ಪಟ್ಟಿ ದಾಖಲೆ. ಅದರ ಹಿಂದಿನ ಮನಸ್ಸು ದಾಖಲೆಯಲ್ಲ.

ಕೊನೆಯದಾಗಿ ಪಾಠಭೇದದ ವಿಷಯ. ಇಂದು ಸಾಮಾನ್ಯವಾಗಿ ದೊರೆಯುವ ಪ್ರತಿ 1923ರದಲ್ಲ. ಹಲವಾರು ದಶಕ ಪ್ರದರ್ಶನವಿಲ್ಲದೆ ಉಳಿದಿದ್ದ ಚಿತ್ರವನ್ನು ಚಾಪ್ಲಿನ್ 1976ರಲ್ಲಿ, ತನ್ನ ಎಂಬತ್ತೇಳನೆಯ ವಯಸ್ಸಿನಲ್ಲಿ, ಕೆಲವು ನಿಮಿಷಗಳಷ್ಟು ಕತ್ತರಿಸಿ, ಹೊಸದಾಗಿ ಸಂಗೀತ ಕೂಡಿಸಿ ಮತ್ತೆ ಹೊರತಂದನು. ಅದೇ ಆತನ ಕೊನೆಯ ಕೆಲಸ. ಮರುವರ್ಷದ ಡಿಸೆಂಬರ್ 25ರಂದು ಆತ ತೀರಿಕೊಂಡನು. ಆದುದರಿಂದ ನಮ್ಮ ಮುಂದಿರುವುದು ಮೂವತ್ತನಾಲ್ಕರ ತರುಣನ ಕೃತಿಯನ್ನು ಅದೇ ವ್ಯಕ್ತಿ ಮುಪ್ಪಿನಲ್ಲಿ ತಿದ್ದಿದ ಪ್ರತಿ. 1923ರ ಸಮಾಜವನ್ನು ಕುರಿತು ಇದರಿಂದ ತೀರ್ಮಾನಗಳನ್ನು ತೆಗೆಯುವವರು ಈ ಎಚ್ಚರವನ್ನು ಇಟ್ಟುಕೊಳ್ಳಬೇಕು; ನಾವು ಮೇಲೆ ಆಧರಿಸಿರುವ ಕರವಸ್ತ್ರ, ತೋಳಪಟ್ಟಿ, ಬಾಗಿಲುಗಳ ದೃಶ್ಯಗಳು ಕಥೆಯ ಅಸ್ಥಿಪಂಜರಕ್ಕೆ ಸೇರಿದವಾದುದರಿಂದ ಅವುಗಳಿಗೆ ಈ ಕತ್ತರಿಯ ಭಯ ಕಡಿಮೆ.

ಕೊನೆಯ ದೃಶ್ಯವೂ ಅಂಥದೇ. ಮರೀ ಮನೆಯ ಮಗುವೊಂದರೊಡನೆ ಹಾಲು ತರಲು ಹೊರಟವಳು, ದಾರಿಯಲ್ಲಿ ಸಿಕ್ಕ ರೈತರ ಕುದುರೆಗಾಡಿಯ ಹಿಂಬದಿಗೆ ಏರಿ ಕುಳಿತಿದ್ದಾಳೆ. ಎದುರಿನಿಂದ ಪಿಯೇರನ ಮೋಟಾರು ಬರುತ್ತಿದೆ. ಪಕ್ಕದಲ್ಲಿ ಕುಳಿತ ಗೆಳೆಯ, ಆ ಮರೀ ಸೇಂಟ್ ಕ್ಲೇರ್ ಏನಾದಳೆಂದು ಕೇಳುತ್ತಾನೆ. ತನಗೆ ತಿಳಿಯದೆನ್ನುತ್ತಾನೆ ಪಿಯೇರ್. ಅಷ್ಟರಲ್ಲಿ ಗಾಡಿಯೂ ಮೋಟಾರೂ ಒಂದನ್ನೊಂದು ದಾಟುತ್ತವೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.